ಚಳಿಗಾಲಕ್ಕೆ ಮಡಚಿಡುವ ರೈಲುದಾರಿ

(ರೈಲು ಆಸಕ್ತರ ಸಂಜೆ ಕೂಟವೊಂದರಲ್ಲಿ ಆಡಿದ ಮಾತುಗಳನ್ನು ಓದಿಗೆ ಒಗ್ಗುವಂತೆ ತಿದ್ದಿ ಬರೆದದ್ದು. ಅಂದು ತೆರೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ. ಹಾಗಾಗಿ ಕೆಲವೆಡೆ ವಿವರ ಹೆಚ್ಚಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಈ ಸೇತುವೆಯ ಚಿತ್ರ ನೋಡಿ. ಕಡಿದಾದ ಕಣಿವೆ, ಎರಡು ಬದಿಗೂ ಕಲ್ಲಿನ ಕಟ್ಟೆ, ನಡುವೆ 36 ಮೀಟರ್ ಉದ್ದದ ಉಕ್ಕಿನ ಸೇತುವೆ. ಅದರ ಮೇಲೆ ಉಗಿ ಎಂಜಿನ್ ಏದುಸಿರು ಬಿಡುತ್ತಾ ಹತ್ತುತ್ತಿದೆ. ಮುಂದಿನ ಚಿತ್ರವೂ ಅದೇ ಜಾಗದ್ದೇ, ಆದರೆ ಚಳಿಗಾಲ ಹತ್ತಿರ ಬಂದಾಗಿನದು. ಇದರಲ್ಲಿ ಸೇತುವೆ ಇಲ್ಲ. ಅದು ಬಿದ್ದುಹೋಗಿಲ್ಲ, ಕೊಚ್ಚಿಹೋಗಿಲ್ಲ. ಜನ ಬಂದು ಮಡಚಿಟ್ಟು ಹೋಗಿದ್ದಾರೆ. ಮುಂದಿನ ಬೇಸಿಗೆಗೆ ಅವರೇ ಬಂದು ಬಿಡಿಸಿ ಜೋಡಿಸುತ್ತಾರೆ. 1925ರಲ್ಲಿ ಮಾಡಿದ ಸೇತುವೆ ಇದು. ಹೀಗೆ ಮಡಚಿ ಬಿಡಿಸಿ ಇಷ್ಟು ಕಾಲ ಬಾಳಿದೆ.

ಈ ಜಾಗದ ಹೆಸರು ಷ್ಟೆಫೆನ್‌ಬಾಖ್. ಸ್ವಿಟ್ಜರ್ಲೆಂಡಿನ ನಡುವಿನ ಫುರ್ಕಾ ಕಣಿವೆಮಾರ್ಗದಲ್ಲಿದೆ. ಇಲ್ಲಿ ಮೊದಲು ಇದ್ದದ್ದು ಕಲ್ಲಿನ ಸೇತುವೆ, ಅದೂ ಗಟ್ಟಿಯಾದದ್ದೇ. ಮೇಲಿನ ಇಳಿಜಾರಿನಿಂದ ಜಾರಿ ಬಂದ ಹಿಮರಾಶಿ ಅದನ್ನು ಒಡೆದು ಹೊತ್ತೊಯ್ದಿತು. ಹಿಮಕುಸಿತದ ದಾರಿಯಲ್ಲೇ ನಿಂತ ಸೇತುವೆ ಎಷ್ಟು ಗಟ್ಟಿಯಾಗಿದ್ದರೇನು, ಒಂದಲ್ಲ ಒಂದು ವರ್ಷ ಪೆಟ್ಟು ತಿನ್ನಲೇಬೇಕು. ಆಗ ಎಂಜಿನಿಯರುಗಳು ಇನ್ನೂ ದಪ್ಪನೆಯ ಸೇತುವೆ ಕಟ್ಟುವ ಹಟಕ್ಕೆ ಬೀಳಲಿಲ್ಲ. ಹಿಮ ಬರುವ ಹೊತ್ತಿಗೆ ಸೇತುವೆಯೇ ದಾರಿಯಲ್ಲಿರದಂತೆ ಮಾಡಿದರು. ಮೂರು ತುಂಡಿನ ಸೇತುವೆ. ತುಂಡುಗಳ ನಡುವಿನ ಬಿಗಿತ ಬಿಚ್ಚಿದರೆ ನಡುವಿನದು ಕೀಲಿನ ಮೇಲೆ ಕೆಳಕ್ಕೆ ಮಡಚಿಕೊಳ್ಳುತ್ತದೆ, ತುದಿಯವು ದಡದ ಕಡೆಗೆ ಸರಿಯುತ್ತವೆ. ಇಷ್ಟಕ್ಕೂ ಬೇಕಾದದ್ದು ಕೈಯಲ್ಲಿ ತಿರುಗಿಸುವ ವಿಂಚ್, ಉಕ್ಕಿನ ಹಗ್ಗ, ಕೆಲಸ ಗೊತ್ತಿರುವ ಹತ್ತಾರು ಜನ. ಸಿವಿಲ್ ಎಂಜಿನಿಯರಿಂಗ್ ಓದುವ ಮಕ್ಕಳು ಇಲ್ಲಿ ಬಂದಿದ್ದೀರಿ. ಸೋಲನ್ನು ಒಪ್ಪಿಕೊಂಡು ಮಾಡಿದ ವಿನ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗಂತೂ ಸಿಕ್ಕಿಲ್ಲ.

ಆಲ್ಪ್ಸ್‌ನ ಬೆಟ್ಟದ ರೈಲುಗಳ ಬಗ್ಗೆ ಮಾತಾಡಿ ಎಂದು ಕೇಳಿದಾಗ ಸಂಘಟಕರ ಮನಸ್ಸಿನಲ್ಲಿ ಬಹುಶಃ ಯುಂಗ್‌ಫ್ರಾವ್ ಇತ್ತು. ನಮ್ಮವರು ಪ್ಯಾಕೇಜ್ ಟೂರಿನಲ್ಲಿ ಹೋಗುವುದು ಅಲ್ಲಿಗೇ. ಅದು ದೊಡ್ಡ ಸಾಧನೆ, ಅನುಮಾನವಿಲ್ಲ. ಆದರೆ ನಾನು ಫುರ್ಕಾವನ್ನು ಆರಿಸಿಕೊಂಡೆ. ಯುಂಗ್‌ಫ್ರಾವ್ ರೈಲು ಬೆಟ್ಟದ ಹೊಟ್ಟೆಯೊಳಗೆ ನುಗ್ಗಿ ಹಿಮದಿಂದ ತಪ್ಪಿಸಿಕೊಂಡಿತು. ಫುರ್ಕಾ ಬಯಲಿನಲ್ಲೇ ಉಳಿಯಿತು, ಪ್ರತಿವರ್ಷ ಪೆಟ್ಟು ತಿಂದಿತು, ಪ್ರತಿವರ್ಷ ಮತ್ತೆ ಕಟ್ಟಿಕೊಂಡಿತು. ಕೊನೆಗೆ ಅದನ್ನು ಮುಚ್ಚಿದ್ದಕ್ಕೂ ಈ ವರ್ಷಾವರ್ಷದ ಕೆಲಸವೇ ಕಾರಣ, ಉಳಿಸಿದ್ದಕ್ಕೂ ಅದೇ ಕಾರಣ. ಇವತ್ತು ನಾನು ಹೇಳಹೊರಟಿರುವುದು ಇಷ್ಟೇ.

ದಾರಿ ಎಲ್ಲಿಂದ ಎಲ್ಲಿಗೆ? ಪಶ್ಚಿಮದಲ್ಲಿ ವಾಲಿಸ್ ಪ್ರಾಂತ್ಯದ ಓಬರ್‌ವಾಲ್ಡ್, ಸಮುದ್ರಮಟ್ಟದಿಂದ 1366 ಮೀಟರ್. ಪೂರ್ವದಲ್ಲಿ ಊರಿ ಪ್ರಾಂತ್ಯದ ರಿಯಾಲ್ಪ್, 1538 ಮೀಟರ್. ಎರಡರ ನಡುವೆ ಸುಮಾರು 18 ಕಿಲೋಮೀಟರ್ ಹಳಿ. ಹೇಳಿಕೊಳ್ಳುವಂಥ ದೂರವಲ್ಲ. ಆದರೆ ನಡುವೆ ಫುರ್ಕಾ ಏರು ಅಡ್ಡ ನಿಂತಿದೆ. ರೈಲು ಸುಮಾರು 2160 ಮೀಟರ್‌ವರೆಗೆ ಹತ್ತಿ, ನೆತ್ತಿಯಲ್ಲಿ 1874 ಮೀಟರ್ ಉದ್ದದ ಸುರಂಗದೊಳಗೆ ಹೊಕ್ಕು ಆಚೆ ಬದಿಗೆ ಇಳಿಯಬೇಕು. ಹಳಿ ಮೀಟರ್ ಗೇಜ್. ಏರು ಎಷ್ಟೆಂದರೆ ಸಾವಿರ ಮೀಟರ್ ಸಾಗಿದರೆ 110 ಮೀಟರ್ ಎತ್ತರ, ಅಂದರೆ ಹೆಚ್ಚೂಕಡಿಮೆ ಒಂಬತ್ತಕ್ಕೆ ಒಂದು. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಗೆ ಇಳಿಯುವ ನಮ್ಮ ಘಾಟಿಯ ಏರು ಐವತ್ತಕ್ಕೆ ಒಂದು. ಅಷ್ಟಕ್ಕೇ ಅಲ್ಲಿ ಹಿಂದಿನಿಂದ ತಳ್ಳಲು ಬೇರೆ ಎಂಜಿನ್ ಕಟ್ಟುತ್ತಾರೆ ಎಂಬುದು ನಿಮಗೆ ಗೊತ್ತು.

ಒಂಬತ್ತಕ್ಕೆ ಒಂದು ಏರಿನಲ್ಲಿ ಉಕ್ಕಿನ ಚಕ್ರ ಉಕ್ಕಿನ ಹಳಿಯ ಮೇಲೆ ಭಾರ ಎಳೆದುಕೊಂಡು ಹೋಗಲಾರದು. ಎಂಜಿನ್ನಿಗೆ ಶಕ್ತಿ ಸಾಲದು ಎಂದಲ್ಲ; ಹಿಡಿತ ಸಾಲದು. ಒದ್ದೆ ಹಳಿ, ಎಲೆ, ಮಂಜು ಇದ್ದರಂತೂ ಚಕ್ರ ನಿಂತಲ್ಲೇ ಸುತ್ತುತ್ತದೆ. ಅದಕ್ಕೇ ಎರಡು ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಸಿ, ಎಂಜಿನ್ನಿನ ಅಡಿಯಲ್ಲಿ ಹಲ್ಲುಚಕ್ರ ಕೂರಿಸಿ, ಒಂದನ್ನೊಂದು ಕಚ್ಚಿಕೊಂಡು ಹತ್ತುವ ಉಪಾಯ.

ಬೆಟ್ಟ ಹತ್ತಲು ಇದನ್ನು ಮೊದಲು ಮಾಡಿ ತೋರಿಸಿದ್ದು ಆಲ್ಪ್ಸ್ ಅಲ್ಲ. ಅಮೆರಿಕದ ಮೌಂಟ್ ವಾಷಿಂಗ್ಟನ್ ಮೇಲೆ ಸಿಲ್ವೆಸ್ಟರ್ ಮಾರ್ಷ್ ಎಂಬಾತ 1869ರಲ್ಲೇ ಶಿಖರದವರೆಗೆ ಓಡಿಸಿದ್ದ. ಸ್ವಿಟ್ಜರ್ಲೆಂಡಿನಲ್ಲಿ ಓಲ್ಟನ್ ರೈಲು ಕಾರ್ಖಾನೆಯ ಮುಖ್ಯಸ್ಥನಾಗಿದ್ದ ನಿಕ್ಲಾಸ್ ರಿಗ್ಗೆನ್‌ಬಾಖ್ ಅದಕ್ಕೂ ಮೊದಲೇ, 1863ರಲ್ಲಿ, ಫ್ರಾನ್ಸಿನಲ್ಲಿ ತನ್ನ ಹಲ್ಲುಹಳಿಗೆ ಪೇಟೆಂಟ್ ಪಡೆದಿದ್ದ. ಆದರೆ ದುಡ್ಡು ಹಾಕುವವರು ಸಿಕ್ಕಿರಲಿಲ್ಲ. ಕೊನೆಗೆ 1871ರ ಮೇ 21ರಂದು ಲುಸರ್ನ್ ಸರೋವರದ ದಡದ ವಿಟ್ಸ್‌ನಾವ್‌ನಿಂದ ರೀಗಿ ಬೆಟ್ಟದ ಮೇಲಕ್ಕೆ ಯುರೋಪಿನ ಮೊದಲ ಬೆಟ್ಟದ ರೈಲು ಹತ್ತಿತು. ಅಂದು ರಿಗ್ಗೆನ್‌ಬಾಖನ ಹುಟ್ಟುಹಬ್ಬ, ಅವನಿಗೆ 54 ತುಂಬಿದ ದಿನ. ಅಲ್ಲಿಯವರೆಗೆ ರೀಗಿ ತುದಿಯಲ್ಲಿ ಸೂರ್ಯೋದಯ ನೋಡಬೇಕೆಂದರೆ ನಡೆಯಬೇಕು, ಕುದುರೆ ಹತ್ತಬೇಕು, ಇಲ್ಲವೇ ಕಾಸು ಕೊಟ್ಟು ಕುರ್ಚಿಯಲ್ಲಿ ಹೊರಿಸಿಕೊಂಡು ಹೋಗಬೇಕು. ಹೊರುವವರ ಕಥೆ ರೈಲು ಬಂದ ಮೇಲೆ ಏನಾಗಿರಬೇಕೆಂದು ಊಹಿಸಬಹುದು. ಪ್ರವಾಸೋದ್ಯಮದ ಇತಿಹಾಸ ಬರೆಯುವವರು ಆ ಪುಟವನ್ನು ಬೇಗ ತಿರುವಿಬಿಡುತ್ತಾರೆ.

ರಿಗ್ಗೆನ್‌ಬಾಖನ ಹಲ್ಲುಹಳಿ ಏಣಿಯ ಹಾಗೆ: ಎರಡು ಪಟ್ಟಿ, ನಡುವೆ ಅಡ್ಡ ಮೆಟ್ಟಿಲು. ಗಟ್ಟಿ, ಆದರೆ ಭಾರ. ತಿರುವಿಗೆ ಬಗ್ಗಿಸುವುದು ಕಷ್ಟ, ದಾರಿ ಕವಲೊಡೆಯುವಲ್ಲಿ ಇನ್ನೂ ಕಷ್ಟ. ಅವನ ಕೈಕೆಳಗೆ ದುಡಿದಿದ್ದ ರೋಮನ್ ಆಪ್ಟ್ 1882ರಲ್ಲಿ ಬೇರೊಂದು ದಾರಿ ಹಿಡಿದ. ಏಣಿ ಬೇಡ, ಮೇಲಂಚಿನಲ್ಲಿ ಹಲ್ಲು ಕೊರೆದ ಎರಡು ಉಕ್ಕಿನ ಪಟ್ಟಿಗಳನ್ನು ಅಕ್ಕಪಕ್ಕ ನಿಲ್ಲಿಸೋಣ. ಆದರೆ ಒಂದರ ಹಲ್ಲು ಇರುವಲ್ಲಿ ಇನ್ನೊಂದರ ಸಂದು ಬರಲಿ. ಎಂಜಿನ್ನಿನ ಹಲ್ಲುಚಕ್ರಗಳೂ ಜೋಡಿ, ಅವೂ ಹಾಗೆಯೇ ಅರ್ಧ ಹಲ್ಲು ಹಿಂದೆ ಮುಂದೆ. ಒಂದು ಹಲ್ಲು ಹಿಡಿತ ಬಿಡುವ ಮೊದಲೇ ಪಕ್ಕದ್ದು ಕಚ್ಚಿಕೊಂಡಿರುತ್ತದೆ. ಎಳೆತ ಜರ್ಕ್ ಇಲ್ಲದೆ ಸಾಗುತ್ತದೆ. ಫುರ್ಕಾದಲ್ಲಿ ಇರುವುದು ಈ ಆಪ್ಟ್ ಪದ್ಧತಿ, ಒಂದು ಹಲ್ಲಿನಿಂದ ಇನ್ನೊಂದಕ್ಕೆ 120 ಮಿಲಿಮೀಟರ್. ಹತ್ತಿರದಲ್ಲೇ ಕಣ್ಣಾರೆ ನೋಡಬೇಕೆಂದರೆ ಮೆಟ್ಟುಪಾಳ್ಯಕ್ಕೆ ಹೋಗಿ. ನೀಲಗಿರಿಯ ರೈಲು ಕಲ್ಲಾರಿನಿಂದ ಕೂನೂರಿಗೆ ಹತ್ತುವುದೂ ಇದೇ ಆಪ್ಟ್ ಹಲ್ಲುಹಳಿಯ ಮೇಲೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಫುರ್ಕಾ ದಾರಿಯಲ್ಲಿ ಉದ್ದಕ್ಕೂ ಹಲ್ಲುಹಳಿ ಇಲ್ಲ. ಸಮತಟ್ಟಾದ ಕಡೆ ಎಂಜಿನ್ ಸಾಮಾನ್ಯ ರೈಲಿನಂತೆ ಓಡುತ್ತದೆ, ಏರು ಬಂದಾಗ ಹಲ್ಲಿಗೆ ಬೀಳುತ್ತದೆ. ಓಡುತ್ತಿರುವ ಚಕ್ರದ ಹಲ್ಲು ನೆಲದ ಪಟ್ಟಿಯ ಸಂದಿಗೆ ಸರಿಯಾಗಿ ಕೂರಬೇಕಲ್ಲ? ಹಲ್ಲಿನ ಮೇಲೆ ಹಲ್ಲು ಬಿದ್ದರೆ ಎರಡಕ್ಕೂ ಗಂಡಾಂತರ. ಅದಕ್ಕಾಗಿ ಪಟ್ಟಿ ಶುರುವಾಗುವ ಕಡೆ ಮೊದಲ ತುಂಡನ್ನು ಸ್ಪ್ರಿಂಗ್ ಮೇಲೆ ಕೂರಿಸಿರುತ್ತಾರೆ. ತಪ್ಪಿ ಬಿದ್ದ ಹಲ್ಲು ಅದನ್ನು ಒತ್ತಿ ತಗ್ಗಿಸಿ, ಜಾರಿ, ಹೊಂದಿಕೊಳ್ಳುತ್ತದೆ. ಡ್ರೈವರ್ ವೇಗ ತಗ್ಗಿಸಿ, ನಡಿಗೆಯ ವೇಗದಲ್ಲಿ ಒಳಗೆ ಬಿಡುತ್ತಾನೆ. ಕಟಕಟ ಸದ್ದು ಬಂದು, ಆಮೇಲೆ ಒಂದೇ ಸಮನೆ ಗುರುಗುಟ್ಟುವ ಸದ್ದಾದರೆ ಹಲ್ಲು ಕೂತಿತು ಅಂತ.

ಎಂಜಿನ್ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಫುರ್ಕಾಕ್ಕಾಗಿ ವಿಂಟರ್‌ಥೂರ್ ಊರಿನ ಎಸ್‌ಎಲ್‌ಎಂ ಕಾರ್ಖಾನೆ 1913-14ರಲ್ಲಿ ಹತ್ತು ಎಂಜಿನ್ ಮಾಡಿಕೊಟ್ಟಿತು. ಒಂದೊಂದೂ ಸುಮಾರು 42 ಟನ್. ಪ್ರತಿ ಎಂಜಿನ್ನಿಗೆ ನಾಲ್ಕು ಸಿಲಿಂಡರ್. ಎರಡು ಸಿಲಿಂಡರ್ ಸಾಮಾನ್ಯ ಚಕ್ರಗಳನ್ನು ತಿರುಗಿಸುತ್ತವೆ, ಇನ್ನೆರಡು ಹಲ್ಲುಚಕ್ರಗಳನ್ನು. ಸಮತಟ್ಟಿನಲ್ಲಿ ಮೊದಲ ಎರಡಕ್ಕೆ ಮಾತ್ರ ಕೆಲಸ. ಅಲ್ಲಿಂದ ಹೊರಟ ಉಗಿ ನೇರ ಚಿಮಣಿಗೆ. ಏರು ಬಂದಾಗ ಡ್ರೈವರ್ ಕವಾಟ ತಿರುಗಿಸುತ್ತಾನೆ. ಆಗ ಮೊದಲ ಜೋಡಿಯಲ್ಲಿ ದುಡಿದು ಬಂದ ಉಗಿ, ಒತ್ತಡ ಇಳಿದಿದ್ದರೂ ಕಸುವು ಇನ್ನೂ ಉಳಿದಿರುವ ಉಗಿ, ಎರಡನೇ ಜೋಡಿಗೆ ಹೋಗಿ ಹಲ್ಲುಚಕ್ರ ತಿರುಗಿಸುತ್ತದೆ. ಒಂದೇ ಉಗಿಯಿಂದ ಎರಡು ಸಲ ದುಡಿಮೆ. ಏರಿನಲ್ಲಿ ಕಲ್ಲಿದ್ದಲು ಹೆಚ್ಚು ಬೇಕಾಗುವ ಹೊತ್ತಿಗೇ ಉಳಿತಾಯವೂ ಶುರು. ಹಲ್ಲು ಬಿಟ್ಟು ಸಮತಟ್ಟಿಗೆ ಬಂದರೆ ಗಂಟೆಗೆ 45 ಕಿಲೋಮೀಟರ್‌ವರೆಗೆ ಓಡಬಹುದು, ಹಲ್ಲಿನ ಮೇಲೆ 20.

ಇದನ್ನು ವಿಂಟರ್‌ಥೂರ್ ಪದ್ಧತಿ ಎನ್ನುತ್ತಾರೆ. ಊಟಿ ರೈಲಿನ ಎಕ್ಸ್ ವರ್ಗದ ಎಂಜಿನ್ ಪಕ್ಕ ನಿಂತು ನೋಡಿದವರಿಗೆ ಒಂದರ ಮೇಲೊಂದು ಎರಡು ಸಿಲಿಂಡರ್ ಕಂಡು ವಿಚಿತ್ರವೆನಿಸಿರಬೇಕು. ಮೇಲಿನದು ಹಲ್ಲುಚಕ್ರದ್ದು, ಕೆಳಗಿನದು ಸಾಮಾನ್ಯ ಚಕ್ರದ್ದು. ಅದೂ ಎಸ್‌ಎಲ್‌ಎಂ ವಿನ್ಯಾಸವೇ, ಅದೇ ವಿಂಟರ್‌ಥೂರ್ ಕಾರ್ಖಾನೆಯದ್ದೇ. ಫುರ್ಕಾ ಎಂಜಿನ್ ಚಿಕ್ಕದು, ಅದಕ್ಕೆ ಮೂರು ಜೋಡಿ ದುಡಿಯುವ ಚಕ್ರ, ನೀಲಗಿರಿಯದಕ್ಕೆ ನಾಲ್ಕು. ಒಂದೇ ಮನೆಯ ಅಕ್ಕತಂಗಿಯರು.

ಹತ್ತುವುದು ಹೀಗಾಯಿತು. ಆದರೆ ಬೆಟ್ಟದ ರೈಲಿನ ಡ್ರೈವರನ್ನು ಕೇಳಿ ನೋಡಿ, ಹತ್ತುವುದರ ಬಗ್ಗೆ ಅವನಿಗೆ ಅಷ್ಟು ಚಿಂತೆ ಇರುವುದಿಲ್ಲ. ಇಳಿಯುವುದೇ ಕೆಲಸ. ಅಷ್ಟು ಉದ್ದದ ಇಳಿಜಾರಿನಲ್ಲಿ ಬ್ರೇಕ್ ಕಟ್ಟೆಗಳನ್ನೇ ಒತ್ತಿಹಿಡಿದರೆ ಕಾದು, ಸವೆದು, ಹಿಡಿತ ಬಿಟ್ಟುಬಿಡುತ್ತವೆ. ಇದಕ್ಕೆ ಪರಿಹಾರ ರಿಗ್ಗೆನ್‌ಬಾಖನ ಕಾಲದಿಂದಲೇ ಇದೆ, ಮತ್ತು ನನ್ನ ಅಭಿಪ್ರಾಯದಲ್ಲಿ ಅವನ ಹಲ್ಲುಹಳಿಗಿಂತ ಇದೇ ಜಾಣತನದ ಕೆಲಸ. ಇಳಿಯುವಾಗ ಬಾಯ್ಲರಿನಿಂದ ಸಿಲಿಂಡರಿಗೆ ಉಗಿ ಬಿಡುವುದೇ ಇಲ್ಲ. ಕವಾಟಗಳನ್ನು ಉಲ್ಟಾ ಹಾಕುತ್ತಾರೆ. ಈಗ ಚಕ್ರವೇ ಪಿಸ್ಟನ್ನನ್ನು ಓಡಿಸುತ್ತದೆ. ಪಿಸ್ಟನ್ ಹೊರಗಿನ ಗಾಳಿ ಎಳೆದುಕೊಂಡು ಒತ್ತುತ್ತದೆ. ಎಂಜಿನ್ ಗಾಳಿ ಒತ್ತುವ ಪಂಪ್ ಆಗುತ್ತದೆ. ಒತ್ತಿದ ಗಾಳಿಯನ್ನು ಒಂದು ಸಣ್ಣ ಕವಾಟದ ಮೂಲಕ ಡ್ರೈವರ್ ಹೊರಬಿಡುತ್ತಾನೆ. ಕವಾಟ ಬಿಗಿ ಮಾಡಿದಷ್ಟೂ ರೈಲು ನಿಧಾನ. ಗಾಳಿ ಒತ್ತಿದರೆ ಬಿಸಿಯಾಗುತ್ತದಲ್ಲ, ಅದಕ್ಕೆ ಸಿಲಿಂಡರಿಗೆ ಸ್ವಲ್ಪ ನೀರು ಚಿಮುಕಿಸುತ್ತಾರೆ. ಅದು ಆವಿಯಾಗಿ ಶಾಖ ಹೊತ್ತೊಯ್ಯುತ್ತದೆ. ಉಜ್ಜಾಟವಿಲ್ಲದೆ, ಸವೆತವಿಲ್ಲದೆ ನಲವತ್ತು ಚಿಲ್ಲರೆ ಟನ್ನಿನ ಎಂಜಿನ್ನೂ ಅದರ ಬೋಗಿಗಳೂ ಬೆಟ್ಟ ಇಳಿಯುತ್ತವೆ. ಉಳಿದ ಬ್ರೇಕುಗಳು ನಿಲ್ಲಿಸುವುದಕ್ಕೆ ಮತ್ತು ಆಪತ್ತಿಗೆ.

ಇಷ್ಟೆಲ್ಲ ಒಳ್ಳೆಯ ಎಂಜಿನ್ ಕೊಂಡ ಕಂಪನಿಯ ಕಥೆ ಮಾತ್ರ ಅಷ್ಟು ಒಳ್ಳೆಯದಲ್ಲ. ಫ್ರೆಂಚ್ ಬಂಡವಾಳದಿಂದ ಶುರುವಾದ ಕಂಪನಿ ಅದು. ಪಶ್ಚಿಮದ ಬ್ರಿಗ್‌ನಿಂದ ಫುರ್ಕಾ ಹತ್ತಿಳಿದು, ಆಂಡರ್‌ಮಾಟ್ ದಾಟಿ, ಓಬರಾಲ್ಪ್ ಏರಿ ಪೂರ್ವದ ಡಿಸೆಂಟಿಸ್ ಮುಟ್ಟುವ ಯೋಜನೆ. ಕೆಲಸ ಶುರುವಾದದ್ದು 1911ರಲ್ಲಿ. 1914ರ ಬೇಸಿಗೆಗೆ ಪಶ್ಚಿಮದಿಂದ, ಓಬರ್‌ವಾಲ್ಡ್ ದಾಟಿ ಫುರ್ಕಾ ಏರಿನ ನಡುವೆ ಸಿಗುವ ಗ್ಲೆಚ್‌ವರೆಗೆ ರೈಲು ಬಂತು. ಅದೇ ಬೇಸಿಗೆಯಲ್ಲಿ ಮಹಾಯುದ್ಧವೂ ಬಂತು. ಕೂಲಿಗಳಲ್ಲಿ ಹೆಚ್ಚಿನವರು ಇಟಲಿಯವರು, ಊರಿಗೆ ಹೋದರು, ದುಡ್ಡು ನಿಂತಿತು, ನೆತ್ತಿಯ ಸುರಂಗ ಕೈಕೊಡುತ್ತಲೇ ಇತ್ತು. ಅರ್ಧ ಕಟ್ಟಿದ ದಾರಿ ಬೆಟ್ಟದ ಮೇಲೆ ಹಾಗೇ ಉಳಿಯಿತು. 1923ರಲ್ಲಿ ಕಂಪನಿ ದಿವಾಳಿ. 1925ರಲ್ಲಿ ಫುರ್ಕಾ-ಓಬರಾಲ್ಪ್ ಎಂಬ ಹೊಸ ಕಂಪನಿ ಹುಟ್ಟಿ, ಉಳಿದ ಕೆಲಸ ಮುಗಿಸಿ, 1926ರಲ್ಲಿ ದಾರಿ ಪೂರ್ತಿ ತೆರೆಯಿತು. ನಾಲ್ಕು ವರ್ಷದ ನಂತರ, 1930ರಲ್ಲಿ, ತ್ಸೆರ್ಮಾಟ್‌ನಿಂದ ಸೇಂಟ್ ಮೊರಿಟ್ಸ್‌ಗೆ ಗ್ಲೇಸಿಯರ್ ಎಕ್ಸ್‌ಪ್ರೆಸ್ ಓಡತೊಡಗಿತು. ಗ್ಲೆಚ್ ದಾಟುವಾಗ ಕಿಟಕಿಯಲ್ಲೇ ರೋನ್ ಹಿಮನದಿ ಕಾಣುತ್ತಿತ್ತು. ಆ ಹೆಸರು ಬಂದದ್ದು ಅದರಿಂದ.

ಬೇಸಿಗೆಯ ರೈಲು ಎಂಬುದನ್ನು ನೆನಪಿಡಿ. ಫುರ್ಕಾ ಮೇಲೆ ಚಳಿಗಾಲದಲ್ಲಿ ಬೀಳುವ ಹಿಮದ ಮುಂದೆ ಯಾವ ರೈಲೂ ನಿಲ್ಲುವುದಿಲ್ಲ. ಶರತ್ಕಾಲ ಮುಗಿಯುತ್ತಿದ್ದಂತೆ ದಾರಿ ಬಂದ್. ಮುಂದಿನ ಬೇಸಿಗೆ ಹತ್ತಿರವಾದಾಗ ಹಿಮ ಅಗೆದು, ಹಳಿ ಹುಡುಕಿ, ಕಿತ್ತದ್ದನ್ನು ಕಟ್ಟಿ, ಮತ್ತೆ ಶುರು.

ಎರಡನೇ ಮಹಾಯುದ್ಧದ ಹೊತ್ತಿಗೆ ಸ್ವಿಸ್ ಸೇನೆಯ ಕಣ್ಣು ಈ ದಾರಿಯ ಮೇಲೆ ಬಿತ್ತು. ಸುತ್ತಲೂ ಶತ್ರು, ಆಲ್ಪ್ಸ್ ನಡುವಿನ ಕೋಟೆಯೇ ಕೊನೆಯ ಆಸರೆ, ಕಲ್ಲಿದ್ದಲು ಹೊರಗಿನಿಂದ ಬರಬೇಕು. ಹಾಗಾಗಿ 1940ರಿಂದ 42ರೊಳಗೆ ಇಡೀ ದಾರಿಗೆ ವಿದ್ಯುತ್ ಬಂತು. ಆಮೇಲೆ ಬಿಚ್ಚಿ ಕಟ್ಟುವ ಕೆಲಸ ಇನ್ನಷ್ಟು ಬೆಳೆಯಿತು. ಸೇತುವೆಯ ಜೊತೆಗೆ ಈಗ ಮೇಲಿನ ವಿದ್ಯುತ್ ತಂತಿಯನ್ನೂ ಪ್ರತಿ ಶರತ್ಕಾಲದಲ್ಲಿ ಇಳಿಸಿ, ಹಿಮ ಜಾರುವ ಕಡೆಗಳಲ್ಲಿ ಕಂಬಗಳನ್ನೂ ಕಳಚಿ ಇಡಬೇಕು. ಬೇಸಿಗೆಗೆ ಎಲ್ಲವನ್ನೂ ಮತ್ತೆ ಏರಿಸಬೇಕು. ಒಂದು ತಮಾಷೆ ಹೇಳುತ್ತೇನೆ. ತಂತಿ ಇನ್ನೂ ಕಟ್ಟಿರದ ದಾರಿಯಲ್ಲಿ ಹಿಮ ತೆಗೆಯಲು ಹೋಗುವ ರೈಲಿಗೆ ಕರೆಂಟ್ ಎಲ್ಲಿಂದ ಬರಬೇಕು? ಅದಕ್ಕೇ ಹಳೆಯ ಉಗಿ ಎಂಜಿನ್‌ಗಳಲ್ಲಿ ಕೆಲವನ್ನು ಕಂಪನಿ ಮಾರದೆ ಇಟ್ಟುಕೊಂಡಿತು. ಹಿಮದ ದೆಸೆಯಿಂದ ಆ ಎಂಜಿನ್‌ಗಳಿಗೆ ಆಯುಸ್ಸು ಸಿಕ್ಕಿತು.

ಬೇಡವಾದ ನಾಲ್ಕನ್ನು ಮಾತ್ರ 1947ರಲ್ಲಿ ಮಾರಿದರು. ಹೋದದ್ದೆಲ್ಲಿಗೆ? ಫ್ರೆಂಚ್ ಇಂಡೋಚೈನಾಕ್ಕೆ, ಅಂದರೆ ಈಗಿನ ವಿಯೆಟ್ನಾಮಿಗೆ. ಅಲ್ಲಿ ಫಾನ್ ರಾಂಗ್ ಬಳಿಯ ಬಯಲಿನಿಂದ ಸುಮಾರು 1500 ಮೀಟರ್ ಎತ್ತರದ ದಾಲಾತ್ ಗಿರಿಧಾಮಕ್ಕೆ ಫ್ರೆಂಚರು 84 ಕಿಲೋಮೀಟರ್ ರೈಲು ಕಟ್ಟಿದ್ದರು. ಅದೂ ಮೀಟರ್ ಗೇಜ್, ಅದೂ ಆಪ್ಟ್ ಹಲ್ಲುಹಳಿ, ಅಲ್ಲಿ ಮೊದಲೇ ಇದ್ದ ಎಂಜಿನ್‌ಗಳದ್ದೂ ವಿಂಟರ್‌ಥೂರ್ ವಿನ್ಯಾಸವೇ. ಆಲ್ಪ್ಸ್‌ನ ಹಿಮದಲ್ಲಿ ದುಡಿದ ಎಂಜಿನ್‌ಗಳು ಉಷ್ಣವಲಯದ ಕಾಡಿನಲ್ಲಿ ಹತ್ತತೊಡಗಿದವು. ಅಲ್ಲಿ ಯುದ್ಧದ ಮೇಲೆ ಯುದ್ಧ. ದಾರಿ ಮುಚ್ಚಿತು, 1975ರ ನಂತರ ದೇಶದ ಉತ್ತರ-ದಕ್ಷಿಣ ರೈಲನ್ನು ರಿಪೇರಿ ಮಾಡಲು ಇಲ್ಲಿನ ಹಳಿ ಸಾಮಾನು ಕಿತ್ತೊಯ್ದರು. ಎಂಜಿನ್‌ಗಳು ನಿಂತಲ್ಲೇ ಉಳಿದವು. ಅವುಗಳ ಕಥೆಗೆ ಮತ್ತೆ ಬರುತ್ತೇನೆ.

ಫುರ್ಕಾದಲ್ಲಿ ಇತ್ತ ಬೇರೆ ಲೆಕ್ಕ ನಡೆದಿತ್ತು. ಬೇಸಿಗೆಯ ಕೆಲವು ತಿಂಗಳು ಓಡುವ ರೈಲಿಗೆ ವರ್ಷಕ್ಕೆರಡು ಸಲ ಇಷ್ಟೆಲ್ಲ ಬಿಚ್ಚಿ ಕಟ್ಟುವ ಖರ್ಚು. ಚಳಿಗಾಲದಲ್ಲಿ ವಾಲಿಸ್‌ನ ಮೇಲ್ಕಣಿವೆಯ ಜನಕ್ಕೆ ಪೂರ್ವಕ್ಕೆ ಹೋಗಲು ರೈಲೂ ಇಲ್ಲ, ರಸ್ತೆಯೂ ಇಲ್ಲ. ಬೆಟ್ಟದ ಬುಡದಲ್ಲೇ ಸುರಂಗ ಕೊರೆಯುವ ತೀರ್ಮಾನವಾಯಿತು. ಓಬರ್‌ವಾಲ್ಡ್‌ನಿಂದ ರಿಯಾಲ್ಪ್‌ವರೆಗೆ 15.4 ಕಿಲೋಮೀಟರ್. 1982ರ ಜೂನ್‌ನಲ್ಲಿ ತೆರೆಯಿತು. ಖರ್ಚು ಮೊದಲು ಹೇಳಿದ್ದಕ್ಕಿಂತ ಹಲವು ಪಟ್ಟು ಹೆಚ್ಚಿ, ಯೋಜನೆಯ ಹಿಂದೆ ನಿಂತಿದ್ದ, ಸ್ವಿಸ್ ಕೇಂದ್ರ ಸರ್ಕಾರದಲ್ಲಿ ಸಚಿವನಾಗಿದ್ದ ವಾಲಿಸ್‌ನ ರೋಜೆ ಬೋನ್‌ವಾಂ ಹೆಸರು ಕೆಟ್ಟಿತು. ಸ್ವಿಸ್ಸರಲ್ಲೂ ಇಂಥದ್ದು ನಡೆಯುತ್ತದೆ ಎಂದು ತಿಳಿದರೆ ನಮಗೊಂದು ಸಮಾಧಾನ. ಆ ಸುರಂಗಕ್ಕೆ ಪಕ್ಕದಿಂದ ಕೊರೆದ 5.2 ಕಿಲೋಮೀಟರ್ ಉದ್ದದ ಬೆಡ್ರೆಟ್ಟೊ ಕಿಂಡಿ ಕೆಲಸಕ್ಕೆ ಬಾರದ ಖರ್ಚಿಗೆ ಗುರುತಾಗಿ ಬಹುಕಾಲ ಬಿದ್ದಿತ್ತು. ಈಗ ಅದರೊಳಗೆ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದವರು ಬಂಡೆ ಮತ್ತು ಭೂಶಾಖದ ಪ್ರಯೋಗಾಲಯ ಮಾಡಿಕೊಂಡಿದ್ದಾರೆ.

ಹಳೆಯ ರೈಲಿನ ಅಭಿಮಾನಿಗಳು ಈ ಸುರಂಗವನ್ನು ಬೈಯುತ್ತಾರೆ. ನಾನು ಬೈಯುವುದಿಲ್ಲ. ಮೇಲ್ಕಣಿವೆಯವರಿಗೆ ಹನ್ನೆರಡು ತಿಂಗಳೂ ದಾರಿ ಬೇಕಿತ್ತು. ಪ್ರವಾಸಿಗೆ ಹಿಮನದಿ ಕಾಣಲಿ ಎಂದು ಅವರು ಚಳಿಗಾಲವಿಡೀ ಮನೆಯಲ್ಲಿ ಕೂರಬೇಕೇ? ಅಲ್ಲದೆ ಸುರಂಗ ಬಾರದೆ ಮೇಲಿನ ದಾರಿಯೇ ಮುಖ್ಯ ದಾರಿಯಾಗಿ ಉಳಿದಿದ್ದರೆ ಅಲ್ಲಿ ಇಂದು ಹೊಸ ಬೋಗಿ, ಹೊಸ ಕಾಂಕ್ರೀಟು, ಹೊಸ ಸೇತುವೆ ಇರುತ್ತಿದ್ದವು. ಉಗಿ ಎಂಜಿನ್ ಖಂಡಿತ ಇರುತ್ತಿರಲಿಲ್ಲ.

ಸುರಂಗ ಬಂದ ಮೇಲೆ ಮೇಲಿನ ಹಳಿ ಕಿತ್ತುಹಾಕುವುದೆಂದು ಆಗಿತ್ತು. 1981ರ ಶರತ್ಕಾಲದಲ್ಲಿ ಕೊನೆಯ ರೈಲು ಹೋಯಿತು. ಎರಡು ವರ್ಷದಲ್ಲಿ, 1983ರಲ್ಲಿ, ಒಂದು ಸಂಘ ಹುಟ್ಟಿತು. 1985ರಲ್ಲಿ ಅದರ ಜೊತೆಗೆ ರೈಲು ಓಡಿಸುವ ಕಂಪನಿ. ಅವರ ಬಳಿ ಏನಿತ್ತು? ಕಾಳಜಿಯಿಲ್ಲದೆ ಬಿದ್ದ ಹಳಿ, ಒಳಗೋಡೆ ಕುಸಿಯುತ್ತಿದ್ದ ಸುರಂಗ, ಹೆಚ್ಚೆಂದರೆ ಒಂದೆರಡು ಎಂಜಿನ್. ಸದಸ್ಯರ ಚಂದಾ, ರಜೆಯಲ್ಲಿ ಬಂದು ಪುಕ್ಕಟೆ ದುಡಿಯುವ ಜನ. ಸ್ವಿಟ್ಜರ್ಲೆಂಡಿನವರಷ್ಟೇ ಅಲ್ಲ, ಜರ್ಮನಿಯಲ್ಲೂ ನೆದರ್‌ಲೆಂಡ್ಸ್‌ನಲ್ಲೂ ಈ ಸಂಘಕ್ಕೆ ಶಾಖೆಗಳಿವೆ. ಬೆಟ್ಟವೇ ಇಲ್ಲದ ದೇಶದ ಡಚ್ಚರು ತಮ್ಮ ರಜೆ ಖರ್ಚು ಮಾಡಿ ಬೆಟ್ಟದ ಹಳಿಯ ಕೆಳಗೆ ಜಲ್ಲಿ ತುಂಬಲು ಬರುತ್ತಾರೆ. ಯಾಕೆ ಎಂದು ಕೇಳಿದರೆ ನನಗೂ ಪೂರ್ತಿ ಉತ್ತರ ಗೊತ್ತಿಲ್ಲ; ಬೆಟ್ಟ ಇಲ್ಲದಿರುವುದೇ ಕಾರಣ ಇರಬಹುದು.

ಎಂಜಿನ್ ಬೇಕಲ್ಲ, ಆಗ ವಿಯೆಟ್ನಾಮ್ ನೆನಪಾಯಿತು. 1990ರಲ್ಲಿ ಒಂದು ತಂಡ ದಾಲಾತ್‌ಗೆ ಹೋಗಿ ತುಕ್ಕು ಹಿಡಿದು ನಿಂತಿದ್ದ ಎಂಜಿನ್‌ಗಳನ್ನು ಕೊಂಡುಕೊಂಡಿತು. ಹಳಿ ಕಿತ್ತುಹೋಗಿತ್ತು, ಹಾಗಾಗಿ ಘಾಟಿ ರಸ್ತೆಯಲ್ಲಿ ಟ್ರೇಲರ್ ಮೇಲೆ ಇಳಿಸಿ, ಬಂದರಿಗೆ ಸಾಗಿಸಿ, ಹಡಗಿಗೆ ಹಾಕಿ ಯುರೋಪಿಗೆ ತಂದರು. ಫುರ್ಕಾದಿಂದ ಹೋಗಿದ್ದ 1ನೇ ಮತ್ತು 9ನೇ ನಂಬರಿನವು ಬಂದವು. ಜೊತೆಗೆ ದಾಲಾತ್ ದಾರಿಗೆಂದೇ ಮಾಡಿದ್ದ ಇನ್ನೂ ದೊಡ್ಡ ಎಂಜಿನ್‌ಗಳು, ಬಿಡಿಭಾಗಗಳು. ಆ ಎರಡನ್ನೂ ಜರ್ಮನಿಯ ಮೈನಿಂಗನ್ ಉಗಿ ಎಂಜಿನ್ ಕಾರ್ಖಾನೆಯಲ್ಲಿ ರಿಪೇರಿ ಮಾಡಿಸಿದರು. ದೊಡ್ಡ ಎಂಜಿನ್‌ಗಳ ಕೆಲಸವನ್ನು ಸ್ವಯಂಸೇವಕರೇ ತಮ್ಮ ಕಾರ್ಯಾಗಾರದಲ್ಲಿ ವರ್ಷಗಟ್ಟಲೆ ಎಳೆದರು. ಈಗ 1ಕ್ಕೆ ಫುರ್ಕಾಹಾರ್ನ್, 9ಕ್ಕೆ ಗ್ಲೆಚ್‌ಹಾರ್ನ್ ಎಂದು ಸುತ್ತಲಿನ ಶಿಖರಗಳ ಹೆಸರು.

ಅವು ತಮ್ಮ ಮೊದಲ ದಾರಿಗೆ ಮರಳುವುದೂ ಒಮ್ಮೆಲೇ ಆಗಲಿಲ್ಲ. 1992ರಲ್ಲಿ ರಿಯಾಲ್ಪ್‌ನಿಂದ ಟೀಫೆನ್‌ಬಾಖ್‌ವರೆಗೆ. ಮರುವರ್ಷ ಫುರ್ಕಾ ನಿಲ್ದಾಣದವರೆಗೆ, ಅಂದರೆ ಸುರಂಗದ ಬಾಯಿಗೆ. ಸುರಂಗ ದಾಟಿ ಗ್ಲೆಚ್ ಮುಟ್ಟುವ ಹೊತ್ತಿಗೆ 2000ನೇ ಇಸವಿ. ಕೆಳಗೆ ಓಬರ್‌ವಾಲ್ಡ್‌ವರೆಗಿನ ಕೊನೆಯ ತುಂಡು, ಬೆಟ್ಟದೊಳಗೇ ಸುತ್ತು ಹಾಕಿ ಇಳಿಯುವ ಸುರಂಗ ಇರುವ ತುಂಡು, 2010ರ ಆಗಸ್ಟ್‌ನಲ್ಲಿ ತೆರೆಯಿತು. ಸಂಘ ಹುಟ್ಟಿ 27 ವರ್ಷ. ಲೆಕ್ಕ ಹಾಕಿ: 1911ರಲ್ಲಿ ಗುದ್ದಲಿ ಹಿಡಿದ ಕಂಪನಿ, ನಡುವೆ ಒಂದು ಮಹಾಯುದ್ಧ ಒಂದು ದಿವಾಳಿ ದಾಟಿಯೂ, ಇಡೀ ದಾರಿಯನ್ನು 15 ವರ್ಷದಲ್ಲಿ ಕಟ್ಟಿ ಮುಗಿಸಿತ್ತು. ಸಂಘದ 27 ವರ್ಷ ರಜಾದಿನದ ಕೆಲಸದ ವೇಗ.

ಹಾಗಂತ ಇದೊಂದು ಹವ್ಯಾಸಿಗಳ ಆಟಿಕೆ ರೈಲು ಎಂದುಕೊಳ್ಳಬೇಡಿ. ಸಂಬಳದ ಕೆಲಸಗಾರರನ್ನು ಇಟ್ಟುಕೊಂಡು ವರ್ಷಕ್ಕೆರಡು ಸಲ ಬಿಚ್ಚಿ ಕಟ್ಟುವುದು ಹಳೆಯ ಕಂಪನಿಗೆ ಹೊರೆಯಾಗಿತ್ತು. ಸಂಘಕ್ಕೆ ಅದೇ ಜೀವ. ಮಾಡಲು ಕೆಲಸವಿಲ್ಲದ ಸಂಘ ಸಭೆಗಳಲ್ಲೇ ಸಾಯುತ್ತದೆ. ಅಂಥವನ್ನು ನಾವೆಲ್ಲ ಕಂಡಿದ್ದೇವೆ. ಇಲ್ಲಿ ಪ್ರತಿ ಶರತ್ಕಾಲದಲ್ಲಿ ಸೇತುವೆ ಮಡಚಲೇಬೇಕು. ಬೇಸಿಗೆಗೆ ಮುಂಚೆ ಹಿಮ ತೆಗೆಯಲೇಬೇಕು, ಹಿಮ ಎಳೆದು ಹಾಕಿದ ಬಂಡೆ ಸರಿಸಬೇಕು, ಚರಂಡಿ ಬಿಡಿಸಬೇಕು, ಹಳಿ ಎಲ್ಲಿ ಜರುಗಿದೆ ನೋಡಬೇಕು. ಹಳಬರು ಹೊಸಬರಿಗೆ ವಿಂಚ್ ತಿರುಗಿಸುವುದನ್ನು ಪುಸ್ತಕದಲ್ಲಿ ಬರೆದಿಟ್ಟು ಕಲಿಸಬೇಕಾಗಿಲ್ಲ. ಪಕ್ಕದಲ್ಲಿ ನಿಂತು ಮಾಡುತ್ತಾರೆ, ಅಷ್ಟೇ. ಜೂನ್ ಕೊನೆಗೆ ಶುರುವಾಗುವ ಓಡಾಟ ಅಕ್ಟೋಬರ್ ಮೊದಲಲ್ಲಿ ಮುಗಿಯುತ್ತದೆ, ಅದೂ ವಾರದ ಕೆಲವು ದಿನ ಮಾತ್ರ. 18 ಕಿಲೋಮೀಟರಿಗೆ ಎರಡು ಗಂಟೆಗೂ ಮಿಕ್ಕಿ ಹಿಡಿಯುತ್ತದೆ. ಕೆಳಗಿನ ಸುರಂಗದ ರೈಲಿಗೆ ಇಪ್ಪತ್ತು ನಿಮಿಷವೂ ಬೇಡ.

ಇನ್ನು ಹಿಮನದಿ. 19ನೇ ಶತಮಾನದ ನಡುವಿನಲ್ಲಿ ರೋನ್ ಹಿಮನದಿಯ ನಾಲಗೆ ಗ್ಲೆಚ್‌ನ ಬಯಲಿಗೇ ಇಳಿದಿತ್ತು. ಅಲ್ಲಿನ ದೊಡ್ಡ ಹೋಟೆಲು ಕಟ್ಟಿದ್ದೇ ಆ ನೋಟಕ್ಕಾಗಿ. ರೈಲು ಬರುವ ಹೊತ್ತಿಗಾಗಲೇ ಅದು ಹಿಂದೆ ಸರಿಯತೊಡಗಿತ್ತು. ಈಗ ಬಂಡೆಯ ಮೇಲಂಚನ್ನೂ ಬಿಟ್ಟು ಹಿಂದೆ ಹೋಗಿದೆ, ಮುಂದೆ ಒಂದು ಕೆರೆ ಉಂಟಾಗಿದೆ. ಮೇಲಿನ ರಸ್ತೆ ಬದಿಯಲ್ಲಿ ಪ್ರವಾಸಿಗರಿಗಾಗಿ ಕೊರೆಯುವ ಹಿಮದ ಗವಿ ಕರಗದಿರಲೆಂದು ಬೇಸಿಗೆಯಲ್ಲಿ ಹಿಮಕ್ಕೆ ಬಿಳಿ ಹೊದಿಕೆ ಹೊದಿಸುತ್ತಾ ಬಂದರು. ಗ್ಲೆಚ್ ನಿಲ್ದಾಣದಲ್ಲಿ ಇಳಿದವರಿಗೆ ಕಾಣುವುದು ಹಿಮ ಉಜ್ಜಿ ನುಣುಪಾದ ಬರಿ ಬಂಡೆ ಮತ್ತು ಅದರ ಮೇಲಿಂದ ಧುಮುಕುವ ನೀರು. ಆ ನೀರೇ ರೋನ್ ನದಿ.

ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ. ಒಬ್ಬರು ಕೇಳಿದರು: ಇಷ್ಟು ಕಡಿದಾದ ದಾರಿ ಬೇರೆ ಇಲ್ಲವೇ? ಇದೆ. ಲುಸರ್ನ್ ಬಳಿಯ ಪಿಲಾಟುಸ್ ರೈಲು, 1889ರದು, ಸಾವಿರಕ್ಕೆ 480. ಅಷ್ಟು ಏರಿನಲ್ಲಿ ಮೇಲಿನಿಂದ ಕಚ್ಚುವ ಹಲ್ಲುಚಕ್ರ ಎದ್ದು ಹೊರಬರುವ ಭಯವಿತ್ತು. ಹಾಗಾಗಿ ಎಡುವಾರ್ಡ್ ಲೋಖರ್ ಹಲ್ಲುಗಳನ್ನು ಪಟ್ಟಿಯ ಎರಡು ಪಕ್ಕಕ್ಕೆ ಕೊರೆದು, ಅಡ್ಡ ಮಲಗಿಸಿದ ಎರಡು ಚಕ್ರಗಳು ಎಡಬಲದಿಂದ ಅದನ್ನು ಹಿಡಿಯುವಂತೆ ಮಾಡಿದ. ಎದ್ದು ಬರಲು ಜಾಗವೇ ಇಲ್ಲ. ಅದಕ್ಕೊಂದು ಪ್ರತ್ಯೇಕ ಸಂಜೆಯೇ ಬೇಕು.

ಇನ್ನೊಬ್ಬರು, ನೀಲಗಿರಿ ರೈಲಿನಲ್ಲಿ ಓಡಾಡಿದವರು: ಬಾಯ್ಲರ್ ಶಾಶ್ವತವಲ್ಲ, ಒಂದು ದಿನ ರಿಪೇರಿಗೂ ಬಗ್ಗದ ಸ್ಥಿತಿ ಬರುತ್ತದಲ್ಲ, ಆಮೇಲೇನು ಎಂದರು. ಹೊಸದು ಮಾಡಬೇಕು, ಮಾಡಿಯೂ ಇದ್ದಾರೆ. ಬ್ರಿಯೆನ್ಸ್ ಊರಿನ ರೋಟ್‌ಹಾರ್ನ್ ಬೆಟ್ಟದ ರೈಲಿಗೆ 1990ರ ದಶಕದಲ್ಲಿ ವಿಂಟರ್‌ಥೂರ್‌ನ ಅದೇ ಎಸ್‌ಎಲ್‌ಎಂ ಕಾರ್ಖಾನೆ ಎಣ್ಣೆಯಿಂದ ಉರಿಯುವ ಹೊಸ ಉಗಿ ಎಂಜಿನ್‌ಗಳನ್ನು ಮಾಡಿಕೊಟ್ಟಿತು. ನಮ್ಮಲ್ಲೂ ತಿರುಚಿರಾಪಳ್ಳಿಯ ಗೋಲ್ಡನ್ ರಾಕ್ ರೈಲ್ವೆ ಕಾರ್ಖಾನೆಯವರು ಈ ಶತಮಾನದಲ್ಲಿ ನೀಲಗಿರಿಗಾಗಿ ಹೊಸ ಎಕ್ಸ್ ವರ್ಗದ ಎಂಜಿನ್‌ಗಳನ್ನೇ ಕಟ್ಟಿದ್ದಾರೆ, ಮೊದಲು ಎಣ್ಣೆಯವು, ಆಮೇಲೆ ಕಲ್ಲಿದ್ದಲಿನದೂ. ಫುರ್ಕಾದವರು ರಜೆಯಲ್ಲಿ ಮಾಡುವುದನ್ನು ಇಲ್ಲಿ ಸಂಬಳದ ಫಿಟ್ಟರುಗಳು ಪಾಳಿಯ ಮೇಲೆ ಮಾಡುತ್ತಾರೆ. ಯಾವುದು ಮೇಲು ಎಂದು ಅವರು ಮತ್ತೆ ಕೇಳಿದರು. ಕೆಲಸದ ಗುಣದಲ್ಲಿ ಮೇಲು ಕೀಳು ಹೇಳಲಾರೆ. ಒಂದು ಮಾತ್ರ ಹೇಳಿದೆ: ಗೋಲ್ಡನ್ ರಾಕ್‌ನ ಆ ಫಿಟ್ಟರುಗಳನ್ನೇ ಮುಂದಿನ ಕೂಟಕ್ಕೆ ಕರೆಸಿ, ನನಗಿಂತ ಚೆನ್ನಾಗಿ ಹೇಳುತ್ತಾರೆ.